ಅಬಿದಾನ ಮುಲ್ಕಿ ಪರೀಕ್ಷೆ

ಸಿಂದಗಿಯ ಹೆಣ್ಣುಮಕ್ಕಳ ಶಾಲೆಯ ರಾಜಬಿ ಅಕ್ಕೋರ ಕೈ ಸುಮ್ಮನೆ ಕೂತದ್ದನ್ನು ಊರಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಬೆಳಿಗ್ಗೆ ಕೊಡ, ಕಸಬರಿಗೆ, ಹೊತ್ತೇರಿದ ಮೇಲೆ ಸೀಮೆಸುಣ್ಣ, ಸಂಜೆಗೆ ಒಲೆ, ಒಲೆಯ ಮುಂದೆಯೂ ತೊಡೆಯ ಮೇಲೊಂದು ಉಣ್ಣೆಯ ಉಂಡೆ, ಎರಡು ಕಡ್ಡಿ. ಟ್ರೇನಿಂಗಿಗೆ ಹೋದಾಗ ಮಂಗಳೂರ ಕಡೆಯ ಟೀಚರೊಬ್ಬರು ಕಲಿಸಿದ ಹೆಣಿಗೆ ಅದು. "ಈ ಉರಿಬಿಸಲಿನ ಊರಾಗ ಉಣ್ಣಿ ಹೆಣೀತಾಳ ನೋಡವಾ ನನ್ನ ಸೊಸಿ" ಎಂದು ಅತ್ತೆ ಖಾತುನಬಿ ನೆರೆಹೊರೆಯವರ ಮುಂದೆ ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೇನಾಯಿತು, ಸೊಸೆ ಹೆಣೆದುಕೊಟ್ಟ ಕುಲಾಯಿಯನ್ನು ಚಳಿ ಮುಗಿಯುವ ತನಕ ತಲೆಯಿಂದ ಇಳಿಸುತ್ತಿರಲಿಲ್ಲ.

ಮನೆಯ ಕೆಲಸದಲ್ಲಿ ಅತ್ತೆ ಸೊಸೆಯ ಪಾಲು ಎಂದೋ ಗೊತ್ತಾಗಿ ಹೋಗಿತ್ತು. ಬೆಳಗಿನ ರೊಟ್ಟಿ, ಬೇಳೆ, ಪಲ್ಯೆ ಅತ್ತೆಯದು. ನೀರು, ಮುಸುರೆ, ಸಂಜೆಯ ಅಡುಗೆ ಸೊಸೆಯದು. ಗಂಡ ಮಲಿಕಸಾಬ ಅಡತಿ ಅಂಗಡಿಯಲ್ಲಿ ದಿವಾನಜಿ. ದಿನವೆಲ್ಲ ಲೆಕ್ಕ ಬರೆದು ಬಂದು, ಕೈಕಾಲು ತೊಳೆದು ತಾಟಿನ ಮುಂದೆ ಕೂರುವುದು ಅವನ ಪಾಲು. ಒಳ್ಳೆಯ ಮನುಷ್ಯ, ಯಾರಿಗೂ ಎದುರಾಡಿದವನಲ್ಲ. ಆದರೆ ರೊಟ್ಟಿ ಮಾತ್ರ ಹಂಚಿನಿಂದ ನೇರ ತಾಟಿಗೆ ಬರಬೇಕು. ಆರಿದ ರೊಟ್ಟಿ ಕಂಡರೆ ಅವನ ಮುಖವೂ ಆರಿಹೋಗುತ್ತಿತ್ತು.

ಈ ದಂಪತಿಗೆ ಒಬ್ಬಳೇ ಮಗಳು, ಅಬಿದಾ. ಆ ವರ್ಷ ಏಳನೆಯ ಇಯತ್ತೆ, ಅಂದರೆ ಮುಲ್ಕಿ ಪರೀಕ್ಷೆಯ ವರ್ಷ. ಮುಲ್ಕಿ ಪಾಸಾದರೆ ಟ್ರೇನಿಂಗಿಗೆ ಹೋಗಬಹುದು, ಅಮ್ಮನ ಹಾಗೆ ಅಕ್ಕೋರಾಗಬಹುದು. ಹುಟ್ಟಿದಾಗಿನಿಂದ ಆ ಹುಡುಗಿ ಬೇರೇನನ್ನೂ ಬೇಡಿದವಳಲ್ಲ. ಓಣಿಯ ಚಿಕ್ಕ ಹುಡುಗಿಯರನ್ನು ಕೂರಿಸಿಕೊಂಡು ಗೋಡೆಗೆ ಇದ್ದಿಲಿನಿಂದ ಅಕ್ಷರ ಬರೆದು, ಥೇಟ್ ಅಮ್ಮನ ದನಿಯಲ್ಲೇ ಗದರಿಸಿ ಪಾಠ ಹೇಳುತ್ತಿದ್ದಳು. ಗೋಡೆ ಹೊಲಸಾಯಿತೆಂದು ಅವಳ ದಾದಿ, ಅಂದರೆ ಅಜ್ಜಿ ಖಾತುನಬಿ, ಬೈದರೆ ರಾಜಬಿ ಮಗಳ ಪರ ನಿಲ್ಲುತ್ತಿದ್ದಳು.

ನಿಲ್ಲದೆ ಏನು ಮಾಡಿಯಾಳು? ಹೆಣ್ಣುಮಕ್ಕಳನ್ನು ಶಾಲೆಗೆ ಎಳೆದು ತರುವುದರಲ್ಲಿ ಆಕೆಯದು ದೊಡ್ಡ ಹೆಸರು. ಎರಡು ವರ್ಷದ ಹಿಂದೆ ಪಕ್ಕದ ಓಣಿಯ ಶಂಕರೆಪ್ಪ ತನ್ನ ಮಗಳು ಕಸ್ತೂರಿಯನ್ನು ಐದನೆಯ ಇಯತ್ತೆಗೆ ಬಿಡಿಸಿದಾಗ ರಾಜಬಿ ಅವನ ಮನೆಯ ಕಟ್ಟೆಗೇ ಹೋಗಿ ನಿಂತಿದ್ದಳು. ಹೆಂಡತಿಗೆ ಮೈಯಲ್ಲಿ ಆರಾಮಿಲ್ಲ, ಮಗಳು ಶಾಲೆಗೆ ಹೋದರೆ ರೊಟ್ಟಿ ಬಡಿಯುವವರು ಯಾರು ಎಂದು ಅವನು ಕೇಳಿದ. "ನೀವ ಬಡೀರಿ. ಕೈ ಅದಾವಲ್ಲ?" ಎಂದಳು ರಾಜಬಿ. ಕಟ್ಟೆಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಶಂಕರೆಪ್ಪನ ಮುಖ ಕೆಂಪಾಯಿತು, ಆದರೂ ಮರುದಿನ ಮಗಳನ್ನು ಕಳಿಸಿದ. ಆ ಮಾತು ಊರೆಲ್ಲ ಓಡಾಡಿತು. ಅದನ್ನು ಕೇಳಿದಾಗಲೆಲ್ಲ ರಾಜಬಿಗೆ ಒಳಗೊಳಗೇ ಹಿಗ್ಗು.

ಹಿಂಗಿರುವಾಗ ಚೀನಾದವರ ಕೂಡ ಲಡಾಯಿ ಶುರುವಾಯಿತು. ರೇಡಿಯೋ ಇದ್ದ ಅಂಗಡಿಯ ಮುಂದೆ ಜನವೋ ಜನ. ಹಿಮದಲ್ಲಿ ನಿಂತ ನಮ್ಮ ಸಿಪಾಯಿಗಳಿಗೆ ಮೈಮೇಲೆ ಬೆಚ್ಚನೆಯ ಬಟ್ಟೆಯಿಲ್ಲವಂತೆ ಎಂಬ ಸುದ್ದಿ ಬಂದ ಕೆಲವೇ ದಿನದಲ್ಲಿ ಶಾಲೆಗೆ ಹಸಿರು ಉಣ್ಣೆಯ ಗಂಟುಗಳು ಬಂದವು. ಹೆಡ್ ಅಕ್ಕೋರು ಬಾಳಮ್ಮನವರಿಗೆ ಸೂಜಿಯಲ್ಲಿ ದಾರ ಪೋಣಿಸುವುದೇ ಕಷ್ಟ. ಗಂಟು ಬಿಚ್ಚಿ ರಾಜಬಿಯ ಮುಂದೆ ಸುರುವಿ, ತಾಲೂಕಿನ ಮಾನ ಇನ್ನು ನಿಮ್ಮ ಕೈಯಲ್ಲಿ ಎಂದುಬಿಟ್ಟರು. ರಾಜಬಿ ಹಿಗ್ಗಿದಳು. ದೊಡ್ಡ ಹುಡುಗಿಯರಿಗೆ ಕಡ್ಡಿ ಹಿಡಿಯುವುದನ್ನು ಕಲಿಸಿದಳು. ಅವರು ಹೆಣೆದದ್ದು ಕೈವಸ್ತ್ರಕ್ಕಿಂತ ದೊಡ್ಡದಾಗಲಿಲ್ಲ. ಸ್ವೆಟರುಗಳೆಲ್ಲ ಕೊನೆಗೆ ಇವಳ ತಲೆಗೇ ಬಂದವು. ಆಕೆಗೂ ಅದೇ ಬೇಕಾಗಿತ್ತು ಅನ್ನಿ.

ಇಂಥದರಲ್ಲೇ ಒಂದು ಬೆಳಿಗ್ಗೆ ಖಾತುನಬಿ ಬಚ್ಚಲಲ್ಲಿ ಜಾರಿಬಿದ್ದು ಬಲ ಮುಂಗೈ ಮುರಿದುಕೊಂಡಳು. ಹೂವಿನ ಹಿಪ್ಪರಗಿಯಿಂದ ಮೂಳೆ ಕೂಡಿಸುವವನು ಬಂದು, ಬಿದಿರ ಪಟ್ಟಿ ಕಟ್ಟಿ, ಕೈ ಅಲ್ಲಾಡಿಸಬೇಡ ಎಂದು ಹೇಳಿ ಹೋದ. ಬಿಳಿಜೋಳದ ರೊಟ್ಟಿ ಒಂದು ಕೈಯಿಂದ ಬಡಿಯುವಂಥದ್ದಲ್ಲ. ಎರಡು ದಿನ ರಾಜಬಿಯೇ ನಸುಕಿನಲ್ಲೆದ್ದು ಒಲೆಯ ಮುಂದೆ ಕೂತಳು. ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ಉಣ್ಣೆಯ ಮೇಲೆ. ರೊಟ್ಟಿ ಸೀದವು, ಶಾಲೆಗೆ ತಡವಾಯಿತು. ಮಲಿಕಸಾಬ ಸೀದ ಅಂಚನ್ನು ಮುರಿದು ಮುರಿದು ತಾಟಿನ ಬದಿಗೆ ಒಟ್ಟಿಟ್ಟ. ಅದು ಬೈಗುಳಕ್ಕಿಂತ ಜೋರಾಗಿತ್ತು.

ಮೂರನೆಯ ದಿನ ತಾಯಿ ಏಳುವುದರೊಳಗೆ ಅಬಿದಾ ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು. ಎಲ್ಲಿ ಕಲಿತಳೋ, ದಾದಿಯ ಕೈ ನೋಡಿ ನೋಡಿಯೇ ಕಲಿತಿರಬೇಕು. ಹಂಚಿನ ಮೇಲೆ ರೊಟ್ಟಿ ಪುರಿಯಂತೆ ಉಬ್ಬಿ ನಿಂತಿತು. ಖಾತುನಬಿ ಕಟ್ಟಿದ ಕೈ ಎದೆಗವಚಿಕೊಂಡು ಬಂದು ನೋಡಿ ಮೊಮ್ಮಗಳ ದೃಷ್ಟಿ ತೆಗೆದಳು. ಮಲಿಕಸಾಬ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ಉಂಡ.

"ಒಂದ ಎಂಟ ದಿನ ನೀನ ನೋಡ್ಕೊ ಅಬಿದಾ" ಎಂದಳು ರಾಜಬಿ, ಚಪ್ಪಲಿ ಮೆಟ್ಟುತ್ತ. "ದಾದಿ ಕೈ ಆರಾಮಾಗೂ ತನಕ. ಸಾಲಿ ಪಾಠ ಮನ್ಯಾಗ ನಾ ಹೇಳಿಕೊಡ್ತೇನಿ."

ಅಬಿದಾ ಆಗಲೆಂದು ಗೋಣು ಹಾಕಿದಳು. ತಾಯಿಗೆ ಒತ್ತಾಸೆಯಾದೆ ಎಂಬ ಸಂತೋಷ ಅವಳಿಗೂ ಇತ್ತು.

ಎಂಟು ದಿನ ಕಳೆಯಿತು. ಅವಳ ಮುಂಜಾನೆ ರೊಟ್ಟಿಗೆ ಹೋಯಿತು, ಮಧ್ಯಾಹ್ನ ದಾದಿಗೆ ಉಣಿಸುವುದು, ಬಟ್ಟೆ ಒಗೆಯುವುದು. ಸಂಜೆಯಾದರೆ ಪುಂಡಿಪಲ್ಯೆ ಸೋಸು, ಶೇಂಗಾ ಹಿಂಡಿ ಕುಟ್ಟು, ಒಲೆ ಹೂಡು. ಸಂಜೆಯ ಅಡುಗೆಯೂ ಯಾವಾಗ ತಾಯಿಯ ಕೈಯಿಂದ ಮಗಳ ಕೈಗೆ ಸರಿಯಿತೋ ಯಾರೂ ಗಮನಿಸಲಿಲ್ಲ. ರಾಜಬಿ ಶಾಲೆಯಿಂದ ಬಂದು ಪಡಸಾಲೆಯ ಕಂಬಕ್ಕೆ ಆತು ಹೆಣೆಯುತ್ತ ಕೂತರೆ ಚಹಾ ಕೈಗೆ ಬರುತ್ತಿತ್ತು. ಪಾಠ ಹೇಳಿಕೊಡುವ ಮಾತು ಎರಡು ಸಂಜೆ ನಡೆದು ಮೂರನೆಯ ಸಂಜೆಗೆ ನಿಂತಿತು. ಕುಣಿಕೆ ಎಣಿಸುವಾಗ ನಡುವೆ ಯಾರಾದರೂ ಬಡ್ಡಿ ಲೆಕ್ಕ ಕೇಳಿದರೆ ಎಣಿಕೆ ತಪ್ಪುತ್ತದಲ್ಲ.

"ಅಮ್ಮಾ, ಸೋಮವಾರದಿಂದ ಸಾಲಿಗೆ ಬರ್ಲೇನು?" ಒಂದು ಸಂಜೆ ಅಬಿದಾ ಕೇಳಿದಳು.

"ಈ ತೋಳ ಒಂದ ಮುಗೀಲಿ" ಎಂದಳು ರಾಜಬಿ, ಕಣ್ಣೆತ್ತದೆ.

ಸಂಕ್ರಮಣದ ಹೊತ್ತಿಗೆ ತೋಳೂ ಮುಗಿಯಿತು, ಹಸಿರು ಉಣ್ಣೆಯೂ ಮುಗಿಯಿತು. ಖಾತುನಬಿಯ ಬಿದಿರ ಪಟ್ಟಿಯನ್ನೂ ಬಿಚ್ಚಿದ್ದಾಯಿತು. ಕೈಯಲ್ಲಿ ಇನ್ನೂ ಕಸುವಿರಲಿಲ್ಲ ನಿಜ, ಆದರೆ ಪಲ್ಯೆ ಸೋಸುವುದು, ಬೇಳೆಗೆ ಒಗ್ಗರಣೆ ಹಾಕುವುದು ಆಗುತ್ತಿತ್ತು. ಅವತ್ತೇ ಮಗಳ ಕೈಗೆ ಪಾಟಿಚೀಲ ಕೊಟ್ಟು ಮುಂದೆ ಹಾಕಿಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರಾಜಬಿ ಆಮೇಲೆ ಎಷ್ಟೋ ವರ್ಷ ಅದೇ ಒಂದು ವಾರವನ್ನು ನೆನೆನೆನೆದು ಹಳಹಳಿಸಿದಳು.

ಆ ವಾರ ಆದದ್ದಿಷ್ಟು. ಸ್ವೆಟರುಗಳನ್ನು ಕಳಿಸುವ ಮೊದಲು ತಾಲೂಕು ಕಚೇರಿಯ ಅಂಗಳದಲ್ಲಿ ಒಂದು ಸಭೆ ಮಾಡಿದರು. ಮಾಮಲೇದಾರರು ರಾಜಬಿಯ ಹೆಸರು ಹಿಡಿದು ಹೊಗಳಿದರು, ಕೊರಳಿಗೆ ಹಾರ ಬಿತ್ತು. ಸಭೆ ಮುಗಿದ ಮೇಲೆ ಅವರ ಹೆಂಡತಿ ಹತ್ತಿರ ಕರೆದು, ತಮ್ಮ ಸಣ್ಣ ಮಗನಿಗೊಂದು ನೀಲಿ ಸ್ವೆಟರ್ ಆದೀತೇ ಎಂದರು. ಡಾಕ್ಟರ ಹೆಂಡತಿಗೆ ಮುಂದೆ ಗುಂಡಿಯಿರುವಂಥದ್ದು ಬೇಕಾಯಿತು. ಅಂಥವರು ಬಾಯಿ ಬಿಟ್ಟು ಕೇಳಿದಾಗ ಒಲ್ಲೆ ಎನ್ನುವುದು ರಾಜಬಿಗೆ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ ಅನ್ನುವ ಮನಸ್ಸೇ ಇರಲಿಲ್ಲ. ಸಿಪಾಯಿಗಳ ಹೆಸರಲ್ಲಿ ಶುರುವಾದದ್ದು ಸಾಹೇಬರ ಹೆಂಡಿರ ಹೆಸರಲ್ಲಿ ಮುಂದುವರಿಯಿತು.

ಈ ಸಲ ಖಾತುನಬಿಯೇ ಬಾಯಿ ತೆಗೆದಳು. ಹುಡುಗಿ ಶಾಲೆಯ ಮುಖ ನೋಡಿ ತಿಂಗಳ ಮೇಲಾಯಿತು, ಹೀಗಾದರೆ ಹೇಗೆ ಎಂದಳು. ರಾಜಬಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನೀವು ರೊಟ್ಟಿ ಬಡೀತೀರೇನ್ರಿ ಹಂಗಾರ? ಬಡೀರಿ, ನಾಳಿಂದನ ಕಳಸ್ತೇನಿ."

ಮುರಿದ ಕೈ ಹಿಡಿದುಕೊಂಡು ಕೂತ ಮುದುಕಿಗೆ ಆಡುವ ಮಾತೇ ಅದು? ಖಾತುನಬಿ ಎದ್ದು ಹೋಗಿ ಹಿತ್ತಲಲ್ಲಿ ಕೂತಳು. ಅಬಿದಾ ದಾದಿಯ ಹಿಂದೆಯೇ ಹೋಗಿ ಸಮಾಧಾನ ಮಾಡಿದಳು. ಮಲಿಕಸಾಬ ಹೆಂಡತಿಗೆ ಏನೋ ಹೇಳಲು ಹೋಗಿ, ಮುಖ ನೋಡಿ, ಅಂಗಡಿಗೆ ಹೊತ್ತಾಯಿತೆಂದು ಹೊರಟ. ಮಾರನೆಯ ದಿನ ರಾಜಬಿ ಏಳುವ ಮೊದಲೇ ಖಾತುನಬಿ ಹಟಕ್ಕೆ ಬಿದ್ದು ಒಲೆಯ ಮುಂದೆ ಕೂತಳಂತೆ. ಒಂದು ರೊಟ್ಟಿ ಬಡಿಯುವುದರೊಳಗೆ ನೋವಿಗೆ ಕಣ್ಣಲ್ಲಿ ನೀರು ಬಂದು, ಅಬಿದಾ ಅವಳನ್ನು ಎಬ್ಬಿಸಿ ತಾನು ಕೂತಳಂತೆ. ಇದನ್ನು ರಾಜಬಿಗೆ ಯಾರೂ ಹೇಳಲಿಲ್ಲ. ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಆ ವರ್ಷ ರಂಜಾನಿನ ರೋಜಾ ಚಳಿ ಹಿಂದೆಗೆಯುವ ಹೊತ್ತಿಗೆ ಬಂದವು. ನಸುಕಿಗೆ ಮೊದಲು ಸಹರಿಯ ಊಟ, ಹೊತ್ತು ಮುಳುಗಿದ ಮೇಲೆ ರೋಜಾ ಬಿಡುವ ತಿನಿಸು, ಎರಡೂ ಹೊತ್ತು ಒಲೆ. ಅಬಿದಾ ಮತ್ತೊಮ್ಮೆ ಕೇಳಿದಳು, ರೋಜಾ ಇದ್ದುಕೊಂಡೇ ಶಾಲೆಗೂ ಬರುತ್ತೇನೆ ಎಂದು. ನೀಲಿ ಸ್ವೆಟರಿನ ಕೊರಳು ಎರಡು ಸಲ ತಪ್ಪಿ ಎರಡು ಸಲ ಬಿಚ್ಚಿದ್ದ ರಾಜಬಿ, ಹಬ್ಬ ಒಂದು ಮುಗಿಯಲಿ, ಆಮೇಲೆ ತಿಂಗಳೊಪ್ಪತ್ತು ಇರುತ್ತದೆ, ಹಗಲೂ ರಾತ್ರಿ ಓದಿಸುತ್ತೇನೆ ಎಂದಳು. ಬುದ್ಧಿವಂತ ಹುಡುಗಿ, ಅಷ್ಟು ಸಾಕು ಎಂದೇ ಅವಳ ಲೆಕ್ಕ.

ಅದೇ ದಿನಗಳಲ್ಲಿ ಒಂದು ಸಂಜೆ ಶಂಕರೆಪ್ಪ ಮಗಳನ್ನು ಕರೆದುಕೊಂಡು ಬಾಗಿಲಿಗೆ ಬಂದ. ತಲೆಯ ರುಮಾಲು ತೆಗೆದು, ಅಂಗಳದಲ್ಲೇ ನಿಂತ.

"ಅಕ್ಕೋರ, ಪರೀಕ್ಷಾ ಹತ್ರ ಬಂತಂತ್ರಿ. ನಮ್ಮ ಕಸ್ತೂರಿ ಒಬ್ಬಾಕೀನ ಓದಿದ್ರ ತಲಿಗೆ ಹತ್ತಂಗಿಲ್ಲ ಅಂತಾಳ. ನಿಮ್ಮ ಅಬಿದಾನ ಕೂಡ ಕುಂತು ಓದಲಿ ಅಂತ ಕರಕೊಂಡು ಬಂದೇನಿ."

ರಾಜಬಿ ಒಳಗೆ ನೋಡಿದಳು. ಅಬಿದಾ ಒಲೆಯ ಮುಂದಿದ್ದಳು. ಕಸ್ತೂರಿ ಏನೂ ಯೋಚಿಸದೆ ಒಳಗೆ ಹೋಗಿ, ಹೊಗೆಯಿಂದ ಅತ್ತ ಸರಿದು ಕೂತು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದತೊಡಗಿದಳು. ಅಬಿದಾ ರೊಟ್ಟಿ ಬಡಿಯುತ್ತ ಕೇಳಿದಳು. ಒಂದೆರಡು ಕಡೆ ಏನೋ ಕೇಳಲು ಬಾಯಿ ತೆರೆದು ಹಾಗೇ ಮುಚ್ಚಿದಳು. ಕಸ್ತೂರಿ ಓದುತ್ತಿದ್ದ ಪಾಠ ಅವಳು ಕಂಡದ್ದಲ್ಲ. ಶಂಕರೆಪ್ಪ ಎಲ್ಲವನ್ನೂ ನೋಡಿದ. ನೆಲ ನೋಡುತ್ತ, ಬರ್ತೇನ್ರಿ ಎಂದು ಹೋದ. ಅವನು ಒಂದು ಮಾತು ಚುಚ್ಚಿ ಆಡಿದ್ದರೂ ರಾಜಬಿ ತಡೆದುಕೊಳ್ಳುತ್ತಿದ್ದಳು. ಆದರೂ ಕೈಯೊಳಗಿನ ಕಡ್ಡಿ ಕೆಳಗಿಡಲಿಲ್ಲ.

ರಂಜಾನ್ ಹಬ್ಬಕ್ಕೆ ಮುದ್ದೇಬಿಹಾಳದಿಂದ ಮಲಿಕಸಾಬನ ಅಕ್ಕ ಅಖ್ತರಬೇಗಂ ಬಂದಳು. ತಾಯಿಯ ಕೈ ಮುರಿದದ್ದು ಕೇಳಿಯೂ ಬರಲಾಗಿರಲಿಲ್ಲವೆಂದು ಅತ್ತುಕರೆದು, ನಾಲ್ಕು ದಿನ ನಿಲ್ಲುವಂತೆ ಬಂದಿದ್ದಳು. ಹಬ್ಬದ ಬೆಳಿಗ್ಗೆ ಸುರಕುಂಬಾ ಪಾಯಸ ಕುದಿಸಿದ್ದು ಅಬಿದಾ. ಮಧ್ಯಾಹ್ನದ ಪಲಾವು ಅಬಿದಾನದು. ಮರುದಿನ ಬಿಸಿಬಿಸಿ ರೊಟ್ಟಿಗೆ ಮೊಟ್ಟೆಯ ಪಲ್ಯೆ ಮಾಡಿ, ಸೋದರತ್ತೆಯ ತಾಟಿನಲ್ಲಿ ಮುಗಿಯುವುದರೊಳಗೆ ಇನ್ನೊಂದು ರೊಟ್ಟಿ ಹಾಕಿದಳು. ಅಖ್ತರಬೇಗಂ ಆ ಹುಡುಗಿ ಪರಾತ ತೊಳೆಯುವುದನ್ನು ನೋಡಿದಳು, ದಾದಿಯ ತಲೆ ಬಾಚುವುದನ್ನು ನೋಡಿದಳು. ಉಂಡು ಕೈ ತೊಳೆದವಳೇ ತಮ್ಮನ ಮುಂದೆ ಸೆರಗು ಹಿಡಿದಳು.

"ಮಲಿಕ, ಅಕ್ಕ ಆಗಿ ಏನೂ ಬೇಡಿಲ್ಲ ನಿನಗ. ನಿನ್ನ ಮಗಳನ್ನ ನನ್ನ ನಬಿಲಾಲಗ ಕೊಡು."

ನಬಿಲಾಲ ಮುದ್ದೇಬಿಹಾಳದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ, ಒಳ್ಳೆಯ ಹುಡುಗ, ಕೆಟ್ಟ ಚಟವಿಲ್ಲ. ಅಕ್ಕನ ಮಗನಿಗೆ ತಮ್ಮನ ಮಗಳು, ಹಿಂದಿನಿಂದ ಬಂದ ಬಳಕೆ. ಖಾತುನಬಿಗಂತೂ ಮಗಳ ಮನೆ ಮೊಮ್ಮಗಳ ಮನೆ ಒಂದೇ ಆಗುವುದೆಂದರೆ ಸ್ವರ್ಗ. ಕೂಸಿನಂತೆ ಅತ್ತುಬಿಟ್ಟಳು. ಮಲಿಕಸಾಬ ಹೆಂಡತಿಯ ಕಡೆ ನೋಡಿದ.

ರಾಜಬಿ ಮುಂದೆ ಬಂದಳು. ಹುಡುಗಿ ಇನ್ನೂ ಚಿಕ್ಕವಳು, ಓದಿಸಬೇಕೆಂದಿದ್ದೇವೆ, ಮುಲ್ಕಿ ಮುಂದಿದೆ ಎಂದಳು.

ಅಖ್ತರಬೇಗಂ ಸಿಟ್ಟಾಗಲಿಲ್ಲ; ನಿಜವಾಗಿ ಆಶ್ಚರ್ಯಪಟ್ಟಳು. "ಓದಾಕತ್ತಾಳೇನು? ನಾ ಬಂದಾಗಿಂದ ಒಮ್ಮೆನೂ ಪುಸ್ತಕ ಹಿಡಿದಿದ್ದ ಕಾಣಲಿಲ್ಲಲ್ಲ ರಾಜಬಿ. ಸಾಲಿ ಬಿಡಿಸೀರಿ ಅಂತ ತಿಳಿದಿದ್ದೆ."

ಪರೀಕ್ಷೆಗೆ ಕೂಡಲಿ, ಯಾರು ಬೇಡವೆಂದರು, ನಿಖಾ ಮಾಡಿದರೆ ಬರುವ ಚಳಿಗಾಲಕ್ಕೆ ಮಾಡೋಣ ಎಂದು ಅಖ್ತರಬೇಗಂ ತಾನೇ ದಾರಿ ತೋರಿಸಿದಳು. ಅವಳ ಮೇಲೆ ಸಿಟ್ಟು ಮಾಡಲಿಕ್ಕೂ ಜಾಗ ಇರಲಿಲ್ಲ. ಅಂದೇ ಮಾತು ಗಟ್ಟಿ ಮಾಡಿ ಸಕ್ಕರೆ ಹಂಚಿದರು. ಹೋಗುವಾಗ ಅಖ್ತರಬೇಗಂ, ಅಳಿಯನಿಗೂ ಒಂದು ಸ್ವೆಟರ್ ಹೆಣೆದಿಡು ಎಂದು ನಗಾಡಿ ಹೋದಳು.

ಮರುದಿನ ರಾಜಬಿ ಡಾಕ್ಟರ ಹೆಂಡತಿಯ ಉಣ್ಣೆಯನ್ನು ಅರ್ಧ ಹೆಣೆದದ್ದು ಅರ್ಧಕ್ಕೇ ವಾಪಸು ಕಳಿಸಿದಳು. ಕಣ್ಣು ನೋಯುತ್ತವೆ ಎಂದು ಹೇಳಿಕಳಿಸಿದಳು. ನಸುಕಿನಲ್ಲೆದ್ದು ತಾನೇ ಒಲೆ ಹೂಡಿದಳು. ಮಗಳನ್ನು ಪಡಸಾಲೆಯಲ್ಲಿ ಕೂರಿಸಿ, ರೊಟ್ಟಿ ಬಡಿಯುತ್ತಲೇ ಲೆಕ್ಕ ಹೇಳಿದಳು. ಅಬಿದಾ ಪಾಟಿಯ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮೂರು ತಿಂಗಳಲ್ಲಿ ಉಳಿದ ಹುಡುಗಿಯರು ಎಲ್ಲಿಗೋ ಹೋಗಿಬಿಟ್ಟಿದ್ದರು. ಇವಳು ನಿಂತಲ್ಲೇ ನಿಂತಿದ್ದಳು. ರಾಜಬಿ ಬೈದು ನೋಡಿದಳು, ರಮಿಸಿ ನೋಡಿದಳು. ನಾಲ್ಕನೆಯ ದಿನ ಅಬಿದಾ ಪಾಟಿಯನ್ನು ಮೆಲ್ಲಗೆ ಗೋಡೆಗೆ ಆನಿಸಿಟ್ಟು, ತಾಯಿಯ ಹತ್ತಿರ ಬಂದು ಹಿಟ್ಟಿನ ಪರಾತ ತನ್ನ ಕಡೆ ಎಳೆದುಕೊಂಡಳು.

"ನಾ ಪರೀಕ್ಷಾಕ್ಕ ಕೂಡಂಗಿಲ್ಲಮ್ಮಾ."

"ಯಾಕ? ಫೇಲಾದ್ರ ಆಗಲಿ, ಕೂತು ಬಾ."

"ಕೂತು ಫೇಲಾದ್ರ ಅಕ್ಕೋರ ಮಗಳ ಫೇಲಾದ್ಲು ಅಂತಾರ ಮಂದಿ. ಕೂಡದಿದ್ರ, ಲಗ್ನ ಗಟ್ಟಿಯಾತು, ಅದಕ್ಕ ಬಿಡಿಸಿದ್ರು ಅಂತಾರ. ನಿನ್ನ ಹೆಸರರ ಉಳೀತೈತಿ."

ರಾಜಬಿ ಹಿಟ್ಟಿನ ಕೈಯಲ್ಲೇ ಮಗಳ ಕೈ ಹಿಡಿದಳು. "ಈ ಲಗ್ನ ಬ್ಯಾಡ ಅಂತ ಒಂದ ಮಾತ ಹೇಳು. ನಿಮ್ಮ ಅಬ್ಬಾನ ಕೂಡ, ಇಡೀ ಮನಿತನದ ಕೂಡ ನಾ ಜಗಳಾಡ್ತೇನಿ."

"ಸಾಲಿಗೆ ಬರ್ತೇನಂತ ಎಷ್ಟ ಸರ್ತಿ ಕೇಳಿದ್ನಿ" ಎಂದಳು ಅಬಿದಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಆವಾಗ ಒಂದ ಮಾತ ನೀ ಹೇಳಿದ್ರ ಸಾಕಿತ್ತು. ಈಗ ನನ್ನ ಕೇಳಬ್ಯಾಡ."

ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಬಂತು. ಅಬಿದಾ ಅದನ್ನು ಎತ್ತಿ ಬದಿಗಿಟ್ಟು ಬೇರೆ ಹಿಟ್ಟು ಮುರಿದುಕೊಂಡಳು. ರಾಜಬಿ ಎದ್ದು ಹಿತ್ತಲಿಗೆ ಹೋಗಿ, ನೀರು ಸೇದುವ ನೆವದಲ್ಲಿ ಅತ್ತಳು. ಮಲಿಕಸಾಬನಿಗೆ ಹೇಳಿದರೆ, ಹುಡುಗಿಗೇ ಬೇಡವಾದ ಮೇಲೆ ನಾವೇನು ಮಾಡೋಣ ಎಂದ. ಅವನ ದನಿಯೂ ಸಪ್ಪಗಿತ್ತು. ಆ ಹೊತ್ತು ಅವನು ಒಂದೇ ರೊಟ್ಟಿ ಉಂಡು ಎದ್ದ.

ಮುಲ್ಕಿ ಪರೀಕ್ಷೆ ಪಕ್ಕದ ತಾಲೂಕಿನ ಇಂಡಿಯಲ್ಲಿ. ಸಿಂದಗಿಯ ಹುಡುಗಿಯರನ್ನು ಕರೆದೊಯ್ದು, ಪರೀಕ್ಷೆ ಮುಗಿಯುವ ತನಕ ಅಲ್ಲೇ ಇದ್ದು ಕರೆತರುವ ಕೆಲಸ ಪ್ರತಿವರ್ಷದಂತೆ ರಾಜಬಿಯದೇ. ಈ ವರ್ಷ ಬೇರೆ ಯಾರನ್ನಾದರೂ ಕಳಿಸಿರೆಂದು ಕೇಳಿಕೊಂಡಳು. ನಿಮ್ಮನ್ನು ನಂಬಿಯೇ ತಂದೆತಾಯಿ ಹೆಣ್ಣುಮಕ್ಕಳನ್ನು ಕಳಿಸುತ್ತಾರೆ ಎಂದರು ಬಾಳಮ್ಮನವರು. ಅದು ಸುಳ್ಳೂ ಆಗಿರಲಿಲ್ಲ.

ಹೊರಡುವ ಬೆಳಿಗ್ಗೆ ಮೋಟಾರ ಸ್ಟ್ಯಾಂಡಿನಲ್ಲಿ ಹುಡುಗಿಯರು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡು, ಒಗೆದ ಪರಕಾರ ತೊಟ್ಟು, ಪುಸ್ತಕ ಎದೆಗವಚಿಕೊಂಡು ನಿಂತಿದ್ದರು. ಅಬಿದಾ ತಾಯಿಯ ಹಾಸಿಗೆಯ ಸುರುಳಿ ಹೊತ್ತು ಬಿಡಲಿಕ್ಕೆ ಬಂದಿದ್ದಳು. ಕಸ್ತೂರಿ ಅವಳ ಕೈ ಹಿಡಿದು ಏನೋ ಪಿಸುಗುಟ್ಟಿದಳು, ಇಬ್ಬರೂ ನಕ್ಕರು. ಆ ನಗು ನೋಡಿ ರಾಜಬಿಗೆ ತಡೆಯಲಾಗಲಿಲ್ಲ. ಮಗಳನ್ನು ಬದಿಗೆ ಕರೆದಳು.

"ಈ ವರ್ಷ ಹೋತು, ಹೋಗಲಿ. ಬರೂ ವರ್ಷ ಕೂತಿಯಂತ. ದಿನಾ ನಾನ ಓದಸ್ತೇನಿ. ನಾ ಕಡ್ಡಿ ಮುಟ್ಟಂಗಿಲ್ಲ."

ಅಬಿದಾ ತಾಯಿಯ ಮುಖ ನೋಡಿದಳು, ಸಣ್ಣ ಕೂಸಿಗೆ ತಿಳಿಸಿ ಹೇಳುವವರ ಹಾಗೆ.

"ಬರೂ ವರ್ಷ ನಾ ಮುದ್ದೇಬಿಹಾಳದಾಗ ಇರ್ತೇನಲ್ಲಮ್ಮಾ."

ಅಷ್ಟು ಹೇಳಿ, ಬಸ್ಸು ಬಿಡುವ ಹೊತ್ತಾಯಿತೆಂದು ತಾಯಿಯ ಸೆರಗನ್ನು ತಲೆಯ ಮೇಲೆ ಸರಿಮಾಡಿದಳು. ಹುಡುಗಿಯರು ಹತ್ತಿದರು. ರಾಜಬಿಯೂ ಹತ್ತಿದಳು. ಕಿಟಕಿಯಿಂದ ಇಣುಕಿ ನೋಡಿದಾಗ ಅಬಿದಾ ಆಗಲೇ ಬೆನ್ನು ತಿರುಗಿಸಿ ಮನೆಯ ದಾರಿ ಹಿಡಿದಿದ್ದಳು. ಅಬ್ಬಾ ಉಣ್ಣಲಿಕ್ಕೆ ಕೂರುವ ಹೊತ್ತು. ನಡಿಗೆಯಲ್ಲಿ ಹುಡುಗಿಯೇ ಇರಲಿಲ್ಲ, ಮನೆಗೆಲಸ ಬಾಕಿ ಇರುವ ಹೆಂಗಸಿದ್ದಳು. ಕಂಡವರ ಮನೆಯ ಬಾಗಿಲು ಬಡಿದು ಬಡಿದು ಹೆಣ್ಣುಮಕ್ಕಳನ್ನು ಹೊರಗೆ ತಂದವಳು ನಾನು, ನನ್ನ ಮಗಳನ್ನು ನಾನೇ ಒಳಗೆ ಹಾಕಿ ಚಿಲಕ ಹಾಕಿದೆ ಎಂದುಕೊಂಡಳು ರಾಜಬಿ.

ಕಂಡಕ್ಟರ್ ಬಂದು ಎಷ್ಟು ಮಂದಿ ಎಂದು ಕೇಳಿದ.

"ಆರು ಹುಡಿಗ್ಯಾರು, ನಾನೊಬ್ಬಾಕಿ" ಎಂದಳು ರಾಜಬಿ.

ಕಂಡಕ್ಟರ್ ಸೀಟುಗಳ ಮೇಲೆ ಬೆರಳಾಡಿಸಿ ಎಣಿಸಿದ. "ಐದೇ ಹುಡಿಗ್ಯಾರು ಅದಾರಲ್ರಿ ಅಕ್ಕೋರ" ಎಂದ.

ರಾಜಬಿ ಹೌದೆಂದಳು. ಐದೇ, ನಂದು ತಪ್ಪಾತು ಎಂದಳು. ಅವನು ಚೀಟಿ ಹರಿದು ಕೊಟ್ಟು ಮುಂದೆ ಹೋದ.